ಹತ್ತಕ್ಕೆ ಎರಡು

ಆಗ ನನಗೆ ಇಪ್ಪತ್ಮೂರು ವಯಸ್ಸು. ಬಿಎಸ್ಸಿ ಪಾಸಾಗಿ ಮಿರಜಿನ ಶಾಲೆಯೊಂದರ ಕನ್ನಡ ವರ್ಗಗಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಓದಿದ್ದು ನಾಲ್ಕು ಪುಸ್ತಕ, ಗತ್ತು ನಲವತ್ತು ಪುಸ್ತಕದ್ದು. ಮಿರಜ ಸಂಸ್ಥಾನ ಮುಂಬಯಿಯೊಳಗೆ ವಿಲೀನವಾಗಿ ಏಳೆಂಟು ವರ್ಷವಾಗಿತ್ತು. ಈಗ ಭಾಷೆ ನೋಡಿ ರಾಜ್ಯಗಳನ್ನು ಹೊಸದಾಗಿ ಹಂಚಿದರು, ನಾವು ಮುಂಬಯಿ ರಾಜ್ಯದಲ್ಲೇ ಉಳಿದೆವು. ಕನ್ನಡ ವರ್ಗಗಳನ್ನು ಮರಾಠಿಯೊಳಗೆ ಸೇರಿಸಿಬಿಡಿ ಎಂದು ಆದೇಶ ಬಂತು. ನನಗೆ ಮರಾಠಿ ಬರುತ್ತಿತ್ತು, ನನ್ನ ಕೆಲಸ ಉಳಿಯಿತು. ನಿವೃತ್ತಿಗೆ ಎರಡು ವರ್ಷವಿದ್ದ ಕನ್ನಡ ಮಾಸ್ತರರಿಗೆ ಮಾತ್ರ ಮನೆಗೆ ಹೋಗಿ ಎಂದರು.

ಅವರು ಹತ್ತಿರದ ಆರಗ ಎಂಬ ಹಳ್ಳಿಯ ಮುಸಲ್ಮಾನರು, ದಿನಾ ಬಸ್ಸಿಗೆ ಬರುತ್ತಿದ್ದರು. ನಾನು ಜ್ವರ ಬಂದು ಮಲಗಿದರೆ ನನ್ನ ಪಾಠವನ್ನೂ ಅವರೇ ಮಾಡುತ್ತಿದ್ದರು. ಕಡೆಯ ವಾರ ಒಂದು ನೋಟುಬುಕ್ಕನ್ನು ನನ್ನ ಕೈಗಿಟ್ಟರು.

"ಬಿಎಸ್ಸಿ ಸಾಹೇಬ್ರ, ಇದನ್ನಷ್ಟ ನೋಡ್ರಿ. ಕುರಾನಿನ್ಯಾಗ ಜರ್ರಾ ಅಂತ ಬರ್ತೈತಿ. ನಾ ಸಣ್ಣಾವಿದ್ದಾಗ ಬಿಸಿಲಕೋಲಿನ್ಯಾಗಿನ ಧೂಳು ಅಂತ ಹೇಳಿದ್ರು. ಈಗಿನವರು ಪರಮಾಣು ಅಂತಾರ. ಶುಕ್ರವಾರ ನಮ್ಮೂರ ಮಸೀದ್ಯಾಗ ಓದೂದೈತಿ. ವಿಜ್ಞಾನದ ಮಾತು ಸರಿ ಅದಾವು ಅಂತ ಕಡೀಕ ಒಂದ ಸಾಲ ಬರದು ಸಹಿ ಮಾಡ್ರಿ."

ಇಷ್ಟು ವರ್ಷ ಅಕ್ಷರ ತಿದ್ದಿಸಿದವರು ತಾವಾಗಿ ಬರೆದದ್ದು ಅದೊಂದೇ. ಬರಿಗೈಯಲ್ಲಿ ಊರಿಗೆ ಹೋಗಬಾರದೆಂಬ ಆಸೆ ಮುಖದಲ್ಲೇ ಕಾಣುತ್ತಿತ್ತು.

ನೋಟುಬುಕ್ಕನ್ನು ಪರೀಕ್ಷೆಯ ಪೇಪರುಗಳ ಜೊತೆ ಮನೆಗೆ ಒಯ್ದೆ. ಆಕಾಶದಲ್ಲಾಗಲಿ ಭೂಮಿಯಲ್ಲಾಗಲಿ ಜರ್ರಾದಷ್ಟು ತೂಕದ್ದೂ, ಅದಕ್ಕಿಂತ ಸಣ್ಣದೂ ದೇವರಿಗೆ ಮರೆಯಲ್ಲ ಎಂಬ ವಚನವನ್ನು ಹಿಡಿದು ಅವರು ಬರೆದಿದ್ದರು. ಸಣ್ಣದೆಂದರೆ ಎಲೆಕ್ಟ್ರಾನು, ಪ್ರೋಟಾನು. ಅವಕ್ಕಿಂತ ಸಣ್ಣವೂ ಇದ್ದಾವು, ನಮಗೆ ಇನ್ನೂ ಕಂಡಿಲ್ಲ ಎಂದಿದ್ದರು. ಉತ್ತರ ಗೊತ್ತಾದ ಮೇಲೆ ಅದನ್ನು ಹಳೆಯ ಮಾತಿನಲ್ಲಿ ಹುಡುಕುವುದು ವಿಜ್ಞಾನವಲ್ಲ. ಇದನ್ನು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅದನ್ನು ಎದುರು ಕೂತು, ಚಹಾ ಕುಡಿಯುತ್ತ ಹೇಳಬಹುದಿತ್ತು. ನಾನು ಪೇಪರು ತಿದ್ದುವ ಕೆಂಪು ಶಾಯಿಯಲ್ಲೇ ಪುಟಪುಟಕ್ಕೂ ಗೀಟು ಎಳೆದೆ. 'ಆಧಾರವಿಲ್ಲ', 'ಬರೀ ಊಹೆ' ಎಂದು ಬರೆದೆ. ಇನ್ನೂ ಸಣ್ಣವು ಇದ್ದಾವು ಎಂಬ ಸಾಲನ್ನು ಹೊಡೆದುಹಾಕಿ 'ತಪ್ಪು. ಇದಕ್ಕಿಂತ ಸಣ್ಣದಿಲ್ಲ' ಎಂದೆ. ಕೊನೆಗೆ 'ಹತ್ತಕ್ಕೆ ಎರಡು' ಎಂದು ಅಕ್ಷರದಲ್ಲೇ ಬರೆದು ಅಂಕ ಕೊಟ್ಟೆ. ಕೈಚಟ ಎಂದು ಹೇಳಿ ಜಾರಿಕೊಳ್ಳಲಾರೆ. ಗೊತ್ತಿದ್ದೇ ಕೊಟ್ಟೆ.

ಮರುದಿನ ಮಾಸ್ತರರ ಕೋಣೆಯಲ್ಲಿ ಎಲ್ಲರೆದುರು ಅದನ್ನು ಅವರ ಮುಂದಿಟ್ಟೆ. ಯಾರೋ ಇಣುಕಿ ನೋಡಿ ಕಿಸಕ್ಕನೆ ನಕ್ಕರು. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಎರಡ ಅಂಕ ಯಾವುದಕ್ಕ ಕೊಟ್ಟೀರಿ?"

"ಅಕ್ಷರ ದುಂಡಗ ಅದಾವಲ್ರಿ, ಅದಕ್ಕ."

ಕೋಣೆಯೆಲ್ಲ ನಕ್ಕಿತು. ಅವರೂ ನಕ್ಕರು. ಆ ಶುಕ್ರವಾರ ಅವರು ಏನೂ ಓದಲಿಲ್ಲವೆಂದು ಆಮೇಲೆ ತಿಳಿಯಿತು.

ಎಷ್ಟೋ ವರ್ಷಗಳ ಮೇಲೆ ಸಾಂಗಲಿಯಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ನಡೆಯಿತು. ಪ್ರೋಟಾನಿನ ಒಳಗೂ ಅದಕ್ಕಿಂತ ಸಣ್ಣ ಕಣಗಳಿವೆ ಎಂದು ಹಲಗೆಯ ಮೇಲೆ ಬರೆದು ತೋರಿಸಿದರು. ನಾನು ಹೊಡೆದುಹಾಕಿದ್ದ ಸಾಲು ನೆನಪಾಯಿತು. ಆರಗಕ್ಕೆ ಹೋಗಿ ಕ್ಷಮೆ ಕೇಳಬೇಕು ಎಂದುಕೊಂಡೆ. ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಅದು? ಇವತ್ತು ನಾಳೆ ಎನ್ನುತ್ತ ಒಂದು ವರ್ಷ ಕಳೆದೆ. ಹೋದಾಗ ಅವರು ತೀರಿಕೊಂಡು ಮೂರು ತಿಂಗಳಾಗಿತ್ತು.

ಮಗಳಿದ್ದಳು. "ಬರ್ರಿ, ಕುಂದ್ರಿ," ಎಂದು ನೀರು ಕೊಟ್ಟಳು. ಅಬ್ಬಾನ ಜೊತೆ ಕೆಲಸ ಮಾಡಿದವರೆಂದು ಕೇಳಿ ಟ್ರಂಕಿನಿಂದ ಅದೇ ನೋಟುಬುಕ್ಕನ್ನು ತಂದಳು. ಅವಳ ಮಾತು ಕನ್ನಡ, ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡದ ಒಂದಕ್ಷರ ಓದಲು ಬರದು.

"ಅಬ್ಬಾ ಯಾರಿಗೂ ತೋರಿಸ್ಲಿಲ್ರಿ. ನೀವರೆ ಓದಿ ಹೇಳ್ರಿ."

ಅವರು ಬರೆದದ್ದನ್ನೆಲ್ಲ ಓದಿದೆ. ಹೊಡೆದುಹಾಕಿದ ಸಾಲನ್ನೂ ಬಿಡದೆ ಓದಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಂಚಿನ ಮೇಲೆ ಬೆರಳಿಟ್ಟಳು.

"ಈ ಕೆಂಪಂದು ಏನೈತ್ರಿ?"

"ಭಾಳ ಚಲೋ ಬರದೀರಿ ಅಂತ ಐತೆವ್ವಾ."

ಅವಳ ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಹಂಗಿದ್ರ ಅಬ್ಬಾ ಆಮ್ಯಾಲ ಯಾಕ ಒಂದಕ್ಷರನೂ ಬರೀಲಿಲ್ರಿ?"