ಕುಬೇರ ಮೂಲೆಯ ಬೇಸ್

ನಿಂಗಣ್ಣನಿಗೆ ಕೆಲಸ ಬರುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಶಿವಾಜಿನಗರದ ಸನಾವುಲ್ಲಾ ಸಾಹೇಬರ ಸ್ಪೀಕರ್ ಅಂಗಡಿಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಜೊತೆಗಿದ್ದವರು. ನಾನು ಹಲಸೂರಿನ ಅಂಜನಮೂರ್ತಿ, ವೈರ್ ಎಳೆಯುವವನು. ಅವನು ಪೆಟ್ಟಿಗೆ ಮಾಡುವವನು. ೯೩ರಲ್ಲಿ ಶಹಾಪುರದ ಕಡೆಯಿಂದ ಬಂದು ಅಂಗಡಿ ಗುಡಿಸುತ್ತಿದ್ದವನು ನೋಡನೋಡುತ್ತಲೇ ಪ್ಲೈವುಡ್ ಕೊಯ್ದು, ಅಂಟು ಹಚ್ಚಿ, ಒಳಗೆ ಹತ್ತಿ ತುಂಬಲು ಕಲಿತುಬಿಟ್ಟ. ಮುಚ್ಚಳ ಬಿಗಿದ ಮೇಲೆ ಬೆರಳಿನಿಂದ ಬಡಿದು, 'ಇನ್ನೊಂದು ಹಿಡಿ ಹತ್ತಿ ಬೇಕು' ಅನ್ನುತ್ತಿದ್ದ. ಹಾಕಿದರೆ ಬೇಸ್, ಅಂದರೆ ಆ ದಪ್ಪ ದನಿ, ಸರಿಹೋಗುತ್ತಿತ್ತು. ಇಂದಿರಾನಗರದ ಬಂಗಲೆಗಳವರು ಅವನನ್ನೇ ಕಳಿಸಿ ಎಂದು ಫೋನ್ ಮಾಡುತ್ತಿದ್ದರು. ಬಡವನಿಗೆ ಇದ್ದದ್ದು ಆ ಒಂದು ಹೆಸರು.

ಮತ್ತೆ ಮಗಳು ಉಮಾಶ್ರೀ. ೨೦೦೪ರಲ್ಲಿ ಅವಳು ಹತ್ತನೇ ಕ್ಲಾಸು. ಅವರ ಮನೆತನದಲ್ಲಿ ಹತ್ತರ ಮುಖ ಕಂಡವರೇ ಇರಲಿಲ್ಲ. ನರ್ಸ್ ಆಗುತ್ತೇನೆ ಅನ್ನುತ್ತಿದ್ದಳು. ತಾಯಿ ಜಟ್ಟೆಮ್ಮ ಕಟ್ಟಡದ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಡಿಗೆ ಮಾಡಿಟ್ಟು, ಸಂಜೆ ಆರರಿಂದ ಪುಸ್ತಕ ಹಿಡಿದು ಕೂರುತ್ತಿದ್ದಳು. ಅವರಿದ್ದದ್ದು ಕೆ.ಆರ್. ಪುರದಲ್ಲಿ, ದೊಡ್ಡಮುನಿಯಪ್ಪನವರ ಮನೆಯ ಬೆನ್ನಿಗೇ ಅಂಟಿಕೊಂಡಿದ್ದ ಅವರದೇ ಬಾಡಿಗೆ ರೂಮಿನಲ್ಲಿ.

ರಾಗಿ ಹೊಲವೆಲ್ಲ ಸೈಟಾದ ಮೇಲೆ ದೊಡ್ಡಮುನಿಯಪ್ಪನವರಿಗೆ ಮನೆಯಲ್ಲೇ ಸಿನಿಮಾ ನೋಡುವ ಆಸೆ ಹುಟ್ಟಿತು. ಸಂಕ್ರಾಂತಿ ಹೊತ್ತಿಗೆ ಹೋಂ ಥಿಯೇಟರ್ ಕೂರಿಸಲು ನಮ್ಮನ್ನೇ ಕರೆದರು. ಬೇಸ್ ಹೊಡೆಯುವ ಎರಡು ವೂಫರ್ ಸ್ಪೀಕರ್ ಇರುವ ದೊಡ್ಡ ಪೆಟ್ಟಿಗೆಯನ್ನು ನಿಂಗಣ್ಣ ಹದಿನೈದು ದಿನ ಕೂತು ಮಾಡಿದ್ದ. ಅದನ್ನು ಮೊದಲು ಸೋಫಾದ ಮೇಲಿಟ್ಟು ಹಾಡು ಹಾಕಿ, ತಾನು ಗೋಡೆಗುಂಟ ಅಂಬೆಗಾಲಿಡುತ್ತ ಹೋದ. ಎಲ್ಲಿ ಬೇಸ್ ಚೆನ್ನಾಗಿ ಕೇಳುತ್ತದೋ ಪೆಟ್ಟಿಗೆಯ ಜಾಗ ಅದೇ. ಅದು ಅವನ ಪದ್ಧತಿ. ಟಿವಿಯ ಪಕ್ಕ ನಿಂತು, "ಇಲ್ಲೇ ಧಣಿ" ಅಂದ.

"ಅಲ್ಲೆಂಗಾಯ್ತದೆ? ತೂಕ ಇರೋದೆಲ್ಲಾ ಕುಬೇರ ಮೂಲೇಗೇ ಬರ್ಬೇಕು ಕಣಯ್ಯಾ. ವಾಸ್ತು ನೋಡಿ ಕಟ್ಸಿರೋ ಮನೆ ಇದು" ಎಂದರು ದೊಡ್ಡಮುನಿಯಪ್ಪ.

"ಮೂಲ್ಯಾಗ ಇಟ್ರ ಗುಂಯ್ ಅಂತದ್ರೀ."

"ಅನ್ನದಂಗೆ ಮಾಡೋಕಲ್ವಾ ನಿನ್ನ ಕರ್ಸಿರೋದು?"

ಆ ನೈಋತ್ಯ ಮೂಲೆಯ ಗೋಡೆ ನಾಲ್ಕಿಂಚಿನದು. ಆಚೆಗೆ ನಿಂಗಣ್ಣನದೇ ರೂಮು! ಆದರೆ ಕೆಲಸಗಾರನಿಗೆ ಹಾಗೆ ಸವಾಲು ಹಾಕಿದರೆ ಮುಗಿಯಿತು. ಕಡಪ ಕಲ್ಲು ತಂದು ಪೆಟ್ಟಿಗೆಯ ಕೆಳಗೆ ಹಾಕಿದ, ಹತ್ತಿ ಹೆಚ್ಚಿಸಿದ, ನಾಬ್ ಕೂದಲೆಳೆಯಷ್ಟು ತಿರುಗಿಸಿದ. ಸಂಜೆಯ ಹೊತ್ತಿಗೆ ಆ ಮೂಲೆಯಿಂದ ಬಂದ ಬೇಸ್ ಅಬ್ಬಾ, ಎದೆಯೊಳಗೇ ಇಳಿಯಿತು. ನಾನೂ ಮುಠ್ಠಾಳನ ಹಾಗೆ ಚಪ್ಪಾಳೆ ಹೊಡೆದೆ.

ಮರುದಿನದಿಂದ ಸಂಜೆ ಆರಾದರೆ ಸಾಕು, ರೂಮಿನ ಗೋಡೆ ನಡುಗುತ್ತಿತ್ತು. ಸ್ಟ್ಯಾಂಡಿನ ಲೋಟ ತಟ್ಟೆ ಖಣಖಣ ಅನ್ನುತ್ತಿದ್ದವು. ಉಮಾಶ್ರೀ ಕಿವಿಗೆ ಹತ್ತಿ ಇಟ್ಟುಕೊಂಡಳು. ಬೇಸ್ ಅದಕ್ಕೆಲ್ಲ ಬಗ್ಗುತ್ತದೆಯೇ? ನೆಲದಿಂದ, ಬೆನ್ನಿನಿಂದ ಹತ್ತಿ ಬರುತ್ತದೆ. ಲೆಕ್ಕ ಮಾಡುತ್ತ ಮಾಡುತ್ತ ಹುಡುಗಿ ಅಳಲು ಶುರು ಮಾಡುತ್ತಿದ್ದಳು.

ನಿಂಗಣ್ಣ ಹೋಗಿ ಬೇಡಿಕೊಂಡ. ದೊಡ್ಡಮುನಿಯಪ್ಪ ಕೆಟ್ಟವರಲ್ಲ, ಎರಡು ದಿನ ಸಣ್ಣಗೆ ಇಟ್ಟರು. ಮೂರನೇ ದಿನ ನೆಂಟರು ಬಂದರು. "ಏನ್ ಮಾಡ್ಲಯ್ಯಾ, ನಿನ್ ಕೈಕೆಲ್ಸಾನ ಊರೋರೆಲ್ಲಾ ಕೇಳಕ್ ಬತ್ತಾವ್ರೆ" ಎಂದು ನಕ್ಕರು.

ಆಮೇಲಿನ ಹಾಳು ಐಡಿಯಾ ನನ್ನದು. "ಮಗಾ, ಎರಡರಲ್ಲಿ ಒಂದು ವೂಫರ್ ವೈರ್ ಉಲ್ಟಾ ಮಾಡ್ಬಿಡು. ಒಂದು ತಳ್ಳಿದ್ದನ್ನ ಇನ್ನೊಂದು ಎಳ್ಕೊಳ್ಳತ್ತೆ. ಬೇಸ್ ಸತ್ತೋಗತ್ತೆ, ಯಾರಿಗೂ ಗೊತ್ತಾಗಲ್ಲ" ಅಂದೆ. ಅವನು ಮೂರು ದಿನ ನನ್ನ ಮುಖ ನೋಡಲಿಲ್ಲ. ನಾಲ್ಕನೇ ದಿನ, ಧೂಳು ತೆಗೆಯುತ್ತೇನೆ ಎಂದು ಹೋಗಿ ಪೆಟ್ಟಿಗೆ ಬಿಚ್ಚಿ, ವೈರ್ ತಿರುಗಿಸಿ ಬಂದ.

ಹತ್ತು ದಿನ ಉಮಾಶ್ರೀ ನೆಮ್ಮದಿಯಾಗಿ ಓದಿದಳು. ದೊಡ್ಡಮುನಿಯಪ್ಪನವರು ಬೇಸ್ ಯಾಕೆ ಸತ್ತಿತೆಂದು ನಿಂಗಣ್ಣನನ್ನು ಎರಡು ಸಲ ಕೇಳಿ, ಸುಮ್ಮನೆ ಹೊರಗಿನಿಂದ ಅಹ್ಮದ್ ಪಾಷಾನನ್ನು ಕರೆಸಿದರು. ಪಾಷಾ ಫ್ರೇಜರ್ ಟೌನಿನ ಮೆಕ್ಯಾನಿಕ್, ಕೆಲಸ ಬಲ್ಲವನು. ಮುಚ್ಚಳ ತೆಗೆದು ಒಂದೇ ನಿಮಿಷಕ್ಕೆ, "ಅರೆ, ವೈರ್ ಉಲ್ಟಾ ಐತೆ ಸಾರ್! ಯಾವ ಅನಾಡಿ, ಕೆಲ್ಸ ಬರ್ದೇ ಇರೋನು ಮಾಡಿದ್ದು ಇದು?" ಅಂದ.

ನಾನೂ ನಿಂಗಣ್ಣನೂ ಬಾಗಿಲಲ್ಲೇ ನಿಂತಿದ್ದೆವು. ಬೇಕೆಂದೇ ಮಾಡಿದೆ ಅಂದರೆ ಪರೀಕ್ಷೆಗೆ ವಾರವಿರುವಾಗ ರೂಮು ಖಾಲಿ ಮಾಡಬೇಕು. "ನಂದೇ ತಪ್ಪರಿ ಧಣಿ. ನನಗ ತಿಳೀಲಿಲ್ಲ" ಅಂದ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ವೈರ್ ತಪ್ಪು ಹಾಕದವನು! ನನಗೆ ಬಾಯಿ ಬಿಡುವ ಧೈರ್ಯ ಬರಲಿಲ್ಲ, ಥೂ ನನ್ನ ಜನ್ಮಕ್ಕೆ. ಪಾಷಾ ವೈರ್ ಸರಿ ಮಾಡಿದ. ಗೋಡೆ ಮತ್ತೆ ನಡುಗಿತು.

ಸುದ್ದಿ ಅಂಗಡಿ ತಲುಪಲು ಎರಡು ದಿನ ಸಾಕಾಯಿತು. ಸನಾವುಲ್ಲಾ ಸಾಹೇಬರು ಪೆಟ್ಟಿಗೆ ಕೆಲಸ ಬಿಡಿಸಿ ನಿಂಗಣ್ಣನನ್ನು ಗೋಡೌನಿನಲ್ಲಿ ಸಾಮಾನು ಹೊರಲು ಹಾಕಿದರು. ನಾನು ನಿಜ ಹೇಳಹೋದರೆ ಅವನೇ ನನ್ನ ಕೈ ಹಿಡಿದ. "ಪರೀಕ್ಷಾ ಮುಗೀಲೋ ಮೂರ್ತಿ" ಅಂದ.

ಪರೀಕ್ಷೆಯ ಮೊದಲ ದಿನ ಹುಡುಗಿಯನ್ನು ನಾನೇ ಸೆಂಟರಿಗೆ ಬಿಡೋಣವೆಂದು ಗಾಡಿ ತೆಗೆದುಕೊಂಡು ಹೋದೆ. ಉಮಾಶ್ರೀ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಗಾರ್ಮೆಂಟ್ಸಿಗೆ ಹೋಗುವ ನೆರೆಯ ಹುಸೇನಮ್ಮ.

"ನಾ ಬರಂಗಿಲ್ರಿ ಕಾಕಾ. ಹುಸೇನಮ್ಮಾರ ಜೋಡಿ ಕೆಲಸಕ್ಕ ಹೊಂಟೀನಿ."

"ಏನಮ್ಮಾ ಇದು! ತಲೆ ಕೆಟ್ಟಿದ್ಯಾ?"

"ಅವತ್ತು ಧಣ್ಯಾರ ಮನ್ಯಾಗ ಅಪ್ಪಗ ಅನಾಡಿ ಅಂದದ್ದು ನನಗ ಕೇಳಸ್ತರಿ. ಈಗ ಅಪ್ಪ ಮೂಟಿ ಹೊರ್ತಾನ. ನಾ ಏನಂತ ಬರೀಲಿ?"

ನಿಂಗಣ್ಣ ಒಳಗಿನಿಂದ ಓಡಿ ಬಂದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನನಗ ಕೆಲಸ ಬರ್ತದವ್ವಾ! ನಾ ಬೇಕಂತನೇ ಉಲ್ಟಾ ಹಾಕೀನಿ, ನಿನ್ನ ಸಲುವಾಗಿ!"

"ಗೊತ್ತದಪ್ಪಾ" ಅಂದಳು ಉಮಾಶ್ರೀ. "ಅದಕ್ಕೇ ಹೊಂಟೀನಿ."

ಹಾಲ್ ಟಿಕೆಟ್ಟನ್ನು ಅಪ್ಪನ ಕೈಗಿಟ್ಟು, ಹುಸೇನಮ್ಮನ ಹಿಂದೆ ಟೆಂಪೋ ಹತ್ತಿದಳು.