ಚಿಕ್ಕಮ್ಮನ ಕೈಯ ಖಾರ

ನಮ್ಮ ಬೀದಿಯ ಕೊನೆಯ ಮಿಲ್ಲಿನಲ್ಲಿ ಯಾರ ಮನೆಯದೋ ಹುರಿದ ಮೆಣಸಿನಕಾಯಿ ಪುಡಿಯಾಗುತ್ತಿದ್ದರೆ, ಆ ಘಾಟು ಗಂಟಲಿಗೆ ಇಳಿಯುವ ಮೊದಲೇ ನನಗೆ ಶಿಡ್ಲಘಟ್ಟದ ತಾತನ ಮನೆಯ ಅಡುಗೆಮನೆ ಕಾಣುತ್ತದೆ. ಹೊಗೆ ಹಿಡಿದ ತೊಲೆ, ಒಲೆಯ ಮುಂದೆ ಚಿಕ್ಕಮ್ಮನ ಬೆನ್ನು, ಗೋಡೆಯ ಗೂಡಿನಲ್ಲಿ ಸಾರಿನ ಪುಡಿಯ ಹಿತ್ತಾಳೆ ಡಬ್ಬಿ. ಡಬ್ಬಿ ಹಿತ್ತಾಳೆಯದೋ ತಗಡಿನದೋ ಎಂದು ಒತ್ತಿ ಕೇಳಿದರೆ ಆಣೆ ಮಾಡಲಾರೆ. ನೆನಪನ್ನು ನಂಬಿ ಕೆಟ್ಟವಳು ನಾನು. ಆದರೆ ಆ ಡಬ್ಬಿ ಮುಟ್ಟುವ ಹಕ್ಕು ಚಿಕ್ಕಮ್ಮನಿಗೆ ಇರಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಅಪ್ಪನಿಗೆ ಊರೂರು ವರ್ಗವಾಗುತ್ತಿದ್ದುದರಿಂದ ಐವತ್ತರ ದಶಕದ ನಡುವಿನ ಕೆಲವು ವರ್ಷ ನಾನು ತಾತನ ಮನೆಯಲ್ಲೇ ಬೆಳೆದೆ. ಚಿಕ್ಕಮ್ಮ, ಅಂದರೆ ಅಪ್ಪನ ತಮ್ಮನ ಹೆಂಡತಿ, ಚಿಂತಾಮಣಿಯಿಂದಾಚೆ ತೆಲುಗು ಮಾತಾಡುವ ಹಳ್ಳಿಯೊಂದರಿಂದ ಬಂದವಳು. "ಆ ಕಡೆಯೋರು ಅನ್ನಕ್ಕಿಂತ ಮೆಣಸಿನಕಾಯೇ ಜಾಸ್ತಿ ತಿಂತಾರೆ" ಎಂದು ಅಜ್ಜಿ ಹೇಳುತ್ತಿದ್ದಳು. ಇದಕ್ಕೆ ಆಧಾರ, ಮದುವೆಯ ಮಾತುಕತೆಗೆ ಹೋದಾಗ ಅಲ್ಲಿ ತಿಂದ ಒಂದು ಚಟ್ನಿ. ಒಂದೇ ಚಟ್ನಿ! ಅದನ್ನು ಅರೆದವರು ಯಾರೆಂದು ಯಾರೂ ಕೇಳಲಿಲ್ಲ. ಚಿಕ್ಕಮ್ಮನ ಅಪ್ಪನಿಗೆ ಹೊಟ್ಟೆಹುಣ್ಣು, ಆ ಮನೆಯಲ್ಲಿ ವರ್ಷವೆಲ್ಲ ಸಪ್ಪೆ ಅಡುಗೆಯೇ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಇನ್ನು ತೆಲುಗಿನ ಮಾತು ಬಂದರೆ, ನಮ್ಮೂರಿನ ಅರ್ಧ ಸಂತೆ ನಡೆಯುತ್ತಿದ್ದುದೇ ತೆಲುಗಿನಲ್ಲಿ. ತಾತನಿಗೆ ಸಿಟ್ಟು ಬಂದರೆ ಬೈಗುಳ ಬರುತ್ತಿದ್ದುದೂ ಅದೇ ಭಾಷೆಯಲ್ಲಿ.

ಹಾಗಾಗಿ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿತ್ತು. ಬೇಳೆ ಬೇಯಿಸುವುದು, ಹುಣಿಸೆಹಣ್ಣು ಕಿವುಚುವುದು, ಒಲೆ ಊದುವುದು ಎಲ್ಲ ಚಿಕ್ಕಮ್ಮ. ಸಾರು ಕುದಿ ಬರುವ ಹೊತ್ತಿಗೆ ಅವಳು ಸೆರಗಿನಿಂದ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದು, "ಅತ್ತೆ, ಪುಡಿ ಹಾಕ್ಬನ್ನಿ" ಎಂದು ಕೂಗುವಳು. ಅಜ್ಜಿ ಬಂದು ಡಬ್ಬಿ ಇಳಿಸಿ, ತನ್ನ ಕೈಯಾರೆ ಪುಡಿ ಹಾಕಿ, ಡಬ್ಬಿಯನ್ನು ಮತ್ತೆ ಗೂಡಿನಲ್ಲಿಟ್ಟು ಹೋಗುವಳು. ಆಮೇಲೆ ಎಲ್ಲರೂ ಊಟಕ್ಕೆ ಕೂತು, ಮೂಗು ಒರೆಸಿಕೊಳ್ಳುತ್ತಾ, ಚಿಕ್ಕಮ್ಮನ ಕೈ ಖಾರ ಎನ್ನುವರು. ದಿನಾ! ಒಬ್ಬರಿಗಾದರೂ ಹೊಳೆಯಬಾರದೆ? ಒಲೆಯ ಪಕ್ಕದಲ್ಲೇ ಕೂತು ಮಗ್ಗಿ ಬರೆಯುತ್ತಿದ್ದ ನನಗೂ ಹೊಳೆಯಲಿಲ್ಲ.

ನನಗೆ ಎಂಟು ವರ್ಷವಿರಬಹುದು. ಗೌರಿಬಿದನೂರಿನಿಂದ ತಾತನ ಹಳೆಯ ಸ್ನೇಹಿತರೊಬ್ಬರು, ಮೇಷ್ಟ್ರು, ಊಟಕ್ಕೆ ಬಂದಿದ್ದರು. ಎರಡನೆಯ ತುತ್ತಿಗೇ ಅವರಿಗೆ ಬಿಕ್ಕಳಿಕೆ ಹತ್ತಿತು. ತಾತ ನೀರು ಮುಂದೆ ಸರಿಸಿ, "ಏನ್ಮಾಡೋದು ಮೇಷ್ಟ್ರೇ, ನಮ್ಮ ಸೊಸೆ ಆ ಕಡೆಯೋಳು" ಎಂದರು.

"ಬಿಡಿ ಸ್ವಾಮಿ, ಅವರದ್ದೆಲ್ಲಾ ಹಂಗೇ. ಬಾಯೂ ಖಾರ, ಸಾರೂ ಖಾರ."

ಇಬ್ಬರೂ ನಕ್ಕರು. ಆಗ ಬಾಗಿಲ ಮರೆಯಿಂದ ಚಿಕ್ಕಮ್ಮ, ಆ ಮನೆಗೆ ಬಂದ ಮೇಲೆ ಮೊದಲ ಸಲ, ಗಂಡಸರ ಮುಂದೆ ಮಾತಾಡಿದಳು. "ಮಾವ, ಪುಡಿ ಹಾಕಿದ್ದು ನಾನಲ್ಲ. ಮಗು ಅಲ್ಲೇ ಕೂತಿತ್ತು, ಕೇಳಿ ಬೇಕಾದ್ರೆ."

"ಹೇಳಮ್ಮ, ಯಾರು ಹಾಕಿದ್ದು?" ಎಂದರು ತಾತ. ತುಪ್ಪದ ಬಟ್ಟಲು ಹಿಡಿದಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

"ಚಿಕ್ಕಮ್ಮ" ಅಂದೆ.

ಅಜ್ಜಿಗೆ ಹೆದರಿ ಸುಳ್ಳು ಹೇಳಿದೆ ಎಂದು ಬಹಳ ಕಾಲ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಈಗ ನನ್ನನ್ನು ಅಷ್ಟು ಸುಲಭಕ್ಕೆ ಕ್ಷಮಿಸಿಕೊಳ್ಳಲಾರೆ. ಆ ಕ್ಷಣ ನನ್ನ ಕಣ್ಣಿಗೆ ಚಿಕ್ಕಮ್ಮನ ಹಸಿರು ಬಳೆಯ ಕೈಯೇ ಪುಡಿ ಸುರಿದಂತೆ ಕಂಡಿತ್ತು. ಕೇಳಿ ಕೇಳಿ, ನೋಡಿದ್ದನ್ನೂ ಅಳಿಸಿಕೊಂಡಿದ್ದೆ. ಅಂದಿನಿಂದ ನೆಂಟರಿಷ್ಟರು ಬಂದ ದಿನ ಒಲೆಯ ಮುಂದೆ ಅಜ್ಜಿ, ಹಿತ್ತಲಿನ ಒರಳಿನ ಮುಂದೆ ಚಿಕ್ಕಮ್ಮ ಎಂದಾಯಿತು. ಆವತ್ತು ಸಂಜೆ ಚಿಕ್ಕಮ್ಮ ನನ್ನ ತಲೆ ಬಾಚುತ್ತಾ, "ಜಡೆ ಬಿಗಿಯಾಯ್ತೇನಮ್ಮ?" ಎಂದು ಮಾತ್ರ ಕೇಳಿದಳು.

ಅರವತ್ತರ ದಶಕದಲ್ಲಿ ಅಜ್ಜಿಯ ಕಣ್ಣಿಗೆ ಪೊರೆ ಬಂದು, ಡಬ್ಬಿ ಚಿಕ್ಕಮ್ಮನ ಕೈಗೆ ಬಂತು. ಸಾರು ಹದವಾಯಿತು. "ನಮ್ಮನೇಲಿ ಹತ್ತು ವರ್ಷ ಇದ್ದು ಕೈ ಪಳಗ್ತು ನೋಡು" ಎಂದರು ತಾತ. ಆಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಆ ಮಾತು ಕೇಳಿ ತಡೆಯಲಾಗದೆ ಚಿಕ್ಕಮ್ಮನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ.

"ನಂಗ್ಯಾಕಮ್ಮ ಹೇಳ್ತೀಯ? ನಂಗೊತ್ತಿಲ್ವಾ? ಅಲ್ಲೋಗಿ ಹೇಳು" ಎಂದು ಅವಳು ಜಗಲಿಯ ಕಡೆ ಕೈ ತೋರಿಸಿದಳು.

ಹೋಗಿ ಹೇಳಿದೆ. ತಾತ ಪೇಪರು ಮಡಿಸಿಟ್ಟು, ಪೂರ್ತಿ ಕೇಳಿ, ನಕ್ಕರು. "ಆವತ್ತಿನ ಮಾತು ಈಗ್ಯಾಕೆ ಕಣೇ? ಅವಳೀಗ ನಮ್ಮೋಳೇ ಆಗ್ಬಿಟ್ಟಿದಾಳೆ. ಆ ಕಡೆಯೋರ ಥರ ಒಂಚೂರೂ ಇಲ್ಲ."

"ತಾತ, ಅವಳು ಆವತ್ತೂ ಹಾಗಿರಲಿಲ್ಲ."

"ನಾನೂ ಅದೇ ಹೇಳ್ತಿರೋದು. ಅವಳ ಸಮಾಚಾರ ಬೇರೆ."

ಕಂಬಕ್ಕೆ ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು. ತಿರುಗಿದರೆ ಬಾಗಿಲಲ್ಲಿ ಚಿಕ್ಕಮ್ಮ. "ಅವರಿಗೆ ತಲೆಗೇ ಹೋಗಲ್ಲ ಚಿಕ್ಕಮ್ಮ" ಎಂದೆ. "ಹೋಗದಿದ್ರೆ ಬಿಡು. ನೀನು ಹೇಳಿದ್ಯಲ್ಲ, ಸಾಕು" ಎಂದು ಒಳಗೆ ಹೋದಳು.

ತಾತ, ಅಜ್ಜಿ, ಆ ಮನೆ, ಒಂದೊಂದಾಗಿ ಎಲ್ಲ ಹೋದವು. ಚಿಕ್ಕಮ್ಮನೂ ಹೋದಳು. ವರ್ಷಕ್ಕೊಮ್ಮೆ ಅವಳ ತಿಥಿಗೆ ಅವಳ ಮಗನ ಮನೆಗೆ ಹೋಗುತ್ತೇನೆ. ತಿಥಿಯ ಅಡುಗೆಗೆ ಮೆಣಸಿನಕಾಯಿ ಹಾಕುವುದಿಲ್ಲ, ಕಾಳುಮೆಣಸು ಅಷ್ಟೇ. ಅವನು ಎಲೆಯ ಮುಂದೆ ಕೂತು, "ಪಾಪ ಅಮ್ಮ, ಎಷ್ಟಾದ್ರೂ ಆ ಕಡೆ ಕೈ. ಈ ಸಪ್ಪೆ ಅವಳಿಗೇನು ರುಚಿಸುತ್ತೆ ಅಕ್ಕಾ?" ಎಂದು ಕಣ್ಣು ಒರೆಸಿಕೊಳ್ಳುತ್ತಾನೆ. ಅವಳ ಹದವಾದ ಸಾರು ಉಂಡು ಬೆಳೆದ ಮಗ! ಎಷ್ಟು ಪ್ರೀತಿಯಿಂದ ಹೇಳುತ್ತಾನೆಂದರೆ, ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಪುಡಿ ಹಾಕುತ್ತಿದ್ದುದು ಅಜ್ಜಿ ಕಣೋ, ಅನ್ನುತ್ತೇನೆ. ಅವನು ನಕ್ಕು ಪಾಯಸಕ್ಕೆ ಕೈ ಹಾಕುತ್ತಾನೆ. ಹೇಳು ಎಂದವಳು ಈಗ ಇಲ್ಲ. ಆದರೂ ಪ್ರತಿ ವರ್ಷ ಹೇಳಿಯೇ ಎಲೆ ಮಡಿಸುತ್ತೇನೆ.