ಅವ್ವ ಬುರುಜು ಹತ್ತಿದ್ದು

ವಾರವಿಡೀ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸಿ ಬೆನ್ನು ಬಿದ್ದುಹೋಗಿರುತ್ತದೆ. ಭಾನುವಾರವಾದರೂ ಕಾಲು ಚಾಚಿ ಮಲಗೋಣವೆಂದರೆ ಅವ್ವ ಬಿಡಲಿಲ್ಲ. ಊರಿನ ಬುರುಜು ಹತ್ತಬೇಕು, ಕರೆದುಕೊಂಡು ಹೋಗು ಎಂದು ಹಟ ಹಿಡಿದಿದ್ದಳು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಗೊಣಗುತ್ತಲೇ ಅವಳನ್ನು ನನ್ನಿವಾಳದ ಕಡೆಯ ಬಸ್ಸಿಗೆ ಹತ್ತಿಸಿದೆ. ಸೀಟು ಸಿಗಲಿಲ್ಲ, ನಿಂತೇ ಹೋದೆವು.

ನಮ್ಮೂರ ಬುರುಜು ಕಲ್ಲುಮಣ್ಣಿನ ದುಂಡನೆಯ ಕಟ್ಟಡ. ಯಾರು ಕಟ್ಟಿಸಿದರೋ ಗೊತ್ತಿಲ್ಲ. ಕುರಿ ಸಾಕುವ ನಮಗೆ ಅದು ದಾರಿ ಕಾಯುವ ಜಾಗ. ಬೇಸಿಗೆಯಲ್ಲಿ ಗಂಡಸರು ಮೇವಿರುವ ಸೀಮೆಗೆ ಕುರಿ ಹೊಡೆದುಕೊಂಡು ಹೋದರೆ ಮಳೆ ಬಿದ್ದ ಮೇಲೆಯೇ ಬರುತ್ತಿದ್ದರು. ಅಲ್ಲಿಯವರೆಗೆ ಅವರ ಹೆಂಡತಿಯರು ಬುರುಜು ಹತ್ತುವಂತಿರಲಿಲ್ಲ. ಹೆಂಡತಿ ಮೇಲೆ ನಿಂತು ದಾರಿ ನೋಡಿದರೆ ಗಂಡನ ಜೀವ ಮನೆ ಕಡೆ ಎಳೆಯುತ್ತದೆ, ಕುರಿ ಕೆಡುತ್ತವೆ ಅನ್ನುತ್ತಿದ್ದರು. ಎಂಥ ಕಟ್ಟಳೆಯೋ! ಹಾಗಾಗಿ ಮಕ್ಕಳೇ ಹತ್ತಬೇಕಿತ್ತು. ನಾನು ಮೇಲೆ ನಿಂತು ಕುರಿಹಿಂಡಿನ ಧೂಳು ಹುಡುಕುತ್ತಿದ್ದೆ, ಅವ್ವ ಕೆಳಗೆ ಕತ್ತೆತ್ತಿ ನಿಂತಿರುತ್ತಿದ್ದಳು. ಇಲ್ಲ, ಇಲ್ಲ ಎಂದು ಕೂಗಿ ಹೇಳುವುದೇ ನನಗೆ ಬೇಜಾರಾಗಿ ಹೋಗಿತ್ತು.

ಹೋದ ವರ್ಷ ಅಪ್ಪ ತೀರಿಕೊಂಡ. ಕುರಿ ಮಾರಿದೆವು, ಅವ್ವ ನನ್ನ ಜೊತೆ ಬಂದು ಇದ್ದಾಳೆ.

ಬುರುಜಿನ ಬುಡದಲ್ಲಿ ನಿಂತು, ಮೆಟ್ಟಿಲು ಸವೆದಿವೆ, ಬಿದ್ದುಗಿದ್ದೀಯ, ಬೇಡ ಎಂದೆ.

"ಇನ್ನ ಯಾರನ್ನ ಕಾಯೋದೈತೆ ನಾನು? ಈಗ ಹತ್ತಬೋದು ಬಾರೇ" ಅಂದಳು.

ಒಂದು ಮೆಟ್ಟಿಲು ಮೇಲೇರಿ ಕೈ ಚಾಚಿದೆ. ಅವಳಿಗೆ ಮೊಣಕಾಲು ನೋವು, ನನಗೆ ಸೊಂಟ. ಕೂತು, ಎದ್ದು, ಗೋಡೆ ಹಿಡಿದು ಅಂತೂ ಮೇಲೆ ತಲುಪಿದೆವು.

ನಮ್ಮ ಹಳೆಯ ಮನೆಯ ಕಡೆ ನೋಡುತ್ತಾಳೆ ಅಂದುಕೊಂಡಿದ್ದೆ. ಅವಳು ಅತ್ತ ತಿರುಗಲೂ ಇಲ್ಲ. ಅಪ್ಪ ಯಾವ ಕಡೆಯಿಂದ ಬರುತ್ತಿದ್ದ ಎಂದು ಕೇಳಿದಳು. ಪಡುವಣ ದಿಕ್ಕಿಗೆ ಕೈ ತೋರಿಸಿದೆ. ಆ ಕಾಲುದಾರಿಯಲ್ಲಿ ಈಗ ಬರೀ ಜಾಲಿ. ಎಲ್ಲಿಗೆ ಬಂದಾಗ ಅವನೇ ಅಂತ ಗೊತ್ತಾಗುತ್ತಿತ್ತು ಎಂದು ಮತ್ತೆ ಕೇಳಿದಳು. ಕೆರೆ ಏರಿಯ ಆಚೆಗಿನ ಹುಣಸೆಮರ ತೋರಿಸಿದೆ. ಅಲ್ಲಿಂದಲೇ ನಡಿಗೆಯಲ್ಲಿ ಗುರುತು ಸಿಗುತ್ತಿತ್ತು.

"ಅಷ್ಟು ದೂರದಿಂದ್ಲೇ ನೋಡ್ತಿದ್ದೆಯಾ ನೀನು" ಅಂದಳು. "ನನಗೆ ಬಾಗಿಲಿಗೆ ಬಂದ ಮ್ಯಾಲೇ ಕಾಣ್ತಿದ್ದ."

ಅಲ್ಲೇ ಕಲ್ಲಿನ ಮೇಲೆ ಕೂತು ಆ ಮರದ ಕಡೆ ಮುಖ ಮಾಡಿದಳು. ಬಿಸಿಲು ಇಳಿಯಿತು. ಕೊನೆಯ ಬಸ್ಸು ತಪ್ಪಿದರೆ ನಾಳೆ ಕೂಲಿ ಹೋಗುತ್ತದೆ, ಏಳು ಎಂದೆ.

ಅವ್ವ ಕಣ್ಣು ತೆಗೆಯಲಿಲ್ಲ. "ಇರೇ, ನಾನು ಈಗಿನ್ನ ನೋಡಾಕೆ ಕುಂತೀನಿ."